ನೀರಿನ ಮೇಲಿನ ಪೊಲೀಸರನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ನಮಸ್ಕಾರ. ದೊಡ್ಡ ಬಂದರು ಇರುವ ಹಲವು ನಗರಗಳಲ್ಲಿ ಪೊಲೀಸ್ ಇಲಾಖೆಯೊಳಗೆ ನೀರಿನ ಮೇಲೆ ಗಸ್ತು ತಿರುಗುವ ಒಂದು ಪುಟ್ಟ ಘಟಕವಿರುತ್ತದೆ. ಅದಕ್ಕೆ ನಾಲ್ಕಾರು ದೋಣಿಗಳು, ಒಂದಿಷ್ಟು ಸಿಬ್ಬಂದಿ, ಒಂದು ಕಟ್ಟೆಯ ತುದಿಯಲ್ಲಿ ಠಾಣೆ. ಆಯವ್ಯಯದ ಚರ್ಚೆ ಬಂದಾಗ ಕತ್ತರಿ ಹಾಕಲು ಇಂಥ ಘಟಕ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಏಕೆಂದರೆ ಡೀಸೆಲ್ ಮತ್ತು ದುರಸ್ತಿಯ ಖರ್ಚು ಎದ್ದು ಕಾಣುತ್ತದೆ, ಆದರೆ ಬಂಧನಗಳ ಸಂಖ್ಯೆ, ದಾಖಲಾದ ಮೊಕದ್ದಮೆಗಳ ಸಂಖ್ಯೆ ಪೇಟೆಯ ಯಾವುದೇ ಠಾಣೆಯ ಮುಂದೆ ಏನೇನೂ ಅಲ್ಲ. ಬಂದರು ಗಸ್ತು ಘಟಕವನ್ನು ಬಂಧನಗಳ ಲೆಕ್ಕದಲ್ಲಿ ಅಳೆಯುವುದೇ ತಪ್ಪು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅದರ ದೋಣಿ ಎಷ್ಟು ಹೊತ್ತು ನೀರಿನ ಮೇಲಿತ್ತು ಎಂಬುದೇ ಅದರ ನಿಜವಾದ ಅಳತೆ.

ಈ ಬಗೆಯ ಪೊಲೀಸ್ ಕೆಲಸದ ಹುಟ್ಟನ್ನು ನೋಡಿದರೆ, ಆರಂಭದಲ್ಲಿ ಲೆಕ್ಕ ಹಾಕುವ ಕ್ರಮವೇ ಬೇರೆಯಾಗಿತ್ತು. 1798ರ ಜುಲೈ ತಿಂಗಳಲ್ಲಿ ಪ್ಯಾಟ್ರಿಕ್ ಕಹೂನ್ ಮತ್ತು ಜಾನ್ ಹ್ಯಾರಿಯಟ್ ಎಂಬ ಇಬ್ಬರು ಲಂಡನ್ನಿನ ಥೇಮ್ಸ್ ನದಿಯ ದಡದ ವ್ಯಾಪಿಂಗ್‌ನಲ್ಲಿ ನದಿ ಪೊಲೀಸ್ ಪಡೆಯನ್ನು ಆರಂಭಿಸಿದರು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಹುಟ್ಟಿದ್ದು 1829ರಲ್ಲಿ. ಅಂದರೆ ಆ ನಗರದ ನೀರಿಗೆ ಪೊಲೀಸರು ಬಂದು ಮೂರು ದಶಕಗಳಾದ ಮೇಲೆ ಬೀದಿಗಳಿಗೆ ಅಂಥ ಪಡೆ ಬಂತು. ಹಡಗುಗಳಿಂದ ಸಕ್ಕರೆ, ರಮ್, ಕಾಫಿ ಕಳವಾಗುತ್ತಿದ್ದುದನ್ನು ತಡೆಯಲು ವೆಸ್ಟ್ ಇಂಡೀಸ್ ವ್ಯಾಪಾರಿಗಳು ಅದಕ್ಕೆ ಹಣ ಕೊಟ್ಟಿದ್ದರು. ಆ ಸರಕು ಗುಲಾಮರ ದುಡಿಮೆಯಿಂದ ಬಂದದ್ದು ಎಂಬುದನ್ನು, ಅದನ್ನು ಇಳಿಸುತ್ತಿದ್ದ ಕೂಲಿಗಳು ತಮ್ಮ ರೂಢಿಯ ಪಾಲು ತಪ್ಪಿತೆಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ವ್ಯಾಪಿಂಗ್ ಕಚೇರಿಯ ಮೇಲೆ ಮುಗಿಬಿದ್ದರು ಎಂಬುದನ್ನು ಮುಚ್ಚಿಟ್ಟು ಈ ಇತಿಹಾಸವನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೂ ಆ ಪಡೆಯ ಸ್ಥಾಪಕರು ಒಪ್ಪಿಸಿದ ಲೆಕ್ಕವನ್ನು ಗಮನಿಸಬೇಕು. ಮೊದಲ ವರ್ಷದ ಖರ್ಚು 4,200 ಪೌಂಡ್, ಕಳವಾಗದೆ ಉಳಿದ ಸರಕಿನ ಬೆಲೆ 1,22,000 ಪೌಂಡ್ ಎಂದು ಅವರು ಹೇಳಿಕೊಂಡರು. ಸ್ಥಾಪಕರೇ ಕೊಟ್ಟ ಅಂಕಿಯಾದ್ದರಿಂದ ಅದನ್ನು ಎಚ್ಚರದಿಂದಲೇ ಒಪ್ಪಬೇಕು. ಆದರೆ ಎಷ್ಟು ಮಂದಿ ಸಿಕ್ಕಿಬಿದ್ದರು ಎಂಬುದಕ್ಕಿಂತ ಏನು ನಷ್ಟವಾಗದೆ ಉಳಿಯಿತು ಎಂಬುದನ್ನು ಅವರು ಮುಂದಿಟ್ಟಿದ್ದರು. 1800ರಲ್ಲಿ ಆ ಪಡೆಯನ್ನು ಸರ್ಕಾರವೇ ವಹಿಸಿಕೊಂಡಿತು.

ಈಗ ಸರಕನ್ನು ಬಿಟ್ಟು ಮನುಷ್ಯರ ವಿಷಯಕ್ಕೆ ಬರೋಣ. ತಣ್ಣೀರಿಗೆ ಬಿದ್ದವರ ದೇಹಕ್ಕೆ ಏನಾಗುತ್ತದೆ ಎಂಬುದನ್ನು ರಕ್ಷಣಾ ತರಬೇತಿಯಲ್ಲಿ ಒಂದು, ಹತ್ತು, ಒಂದು ಎಂಬ ಮೂರು ಅಂಕಿಗಳಲ್ಲಿ ಕಲಿಸುತ್ತಾರೆ. ಮೊದಲ ಒಂದು ನಿಮಿಷ ಉಸಿರು ಹತೋಟಿ ತಪ್ಪಿ ಏದುಸಿರು ಬರುತ್ತದೆ, ಆಗ ಬಾಯಿಗೆ ನೀರು ನುಗ್ಗಿದರೆ ಅಲ್ಲಿಗೇ ಮುಗಿಯಿತು. ಸುಮಾರು ಹತ್ತು ನಿಮಿಷದವರೆಗೆ ಕೈಕಾಲುಗಳು ಹೇಳಿದಂತೆ ಕೇಳುತ್ತವೆ. ಆಮೇಲೆ ಎಷ್ಟೇ ಚೆನ್ನಾಗಿ ಈಜು ಬಲ್ಲವರಾದರೂ ಬೆರಳುಗಳಿಗೆ ಹಗ್ಗ ಹಿಡಿಯುವ ಶಕ್ತಿ ಇರುವುದಿಲ್ಲ. ತಲೆ ನೀರಿನ ಮೇಲೆ ಉಳಿದರೆ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಈ ಲೆಕ್ಕದಲ್ಲಿ ನಮಗೆ ಮುಖ್ಯವಾದದ್ದು ಆ ಹತ್ತು ನಿಮಿಷ. ಕರೆ ಬಂದ ಮೇಲೆ ಸಿಬ್ಬಂದಿಯನ್ನು ಕೂಡಿಸಿ, ದೋಣಿಯ ಹಗ್ಗ ಬಿಚ್ಚಿ, ಎಂಜಿನ್ ಚಾಲೂ ಮಾಡಿ, ಕಟ್ಟೆಯಿಂದ ಹೊರಟು ಸ್ಥಳ ತಲುಪುವಷ್ಟರಲ್ಲಿ ಅದು ಕಳೆದುಹೋಗಿರುತ್ತದೆ. ಗಸ್ತಿನಲ್ಲಿದ್ದ ದೋಣಿಗೆ ಮಾತ್ರ ಅದರಲ್ಲಿ ಏನಾದರೂ ಉಳಿದಿರುತ್ತದೆ.

2009ರ ಜನವರಿ 15ರಂದು ನ್ಯೂಯಾರ್ಕ್‌ನ ಹಡ್ಸನ್ ನದಿಯ ಮೇಲೆ ವಿಮಾನವೊಂದು ಇಳಿದದ್ದನ್ನು ಬಹಳ ಜನ ಬಲ್ಲರು. ನೀರಿನ ಉಷ್ಣಾಂಶ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇತ್ತು. ಒಳಗಿದ್ದ 155 ಜನರೂ ಬದುಕಿದರು. ಪೈಲಟ್ಟಿನ ಕೌಶಲವನ್ನು ಜಗತ್ತು ಕೊಂಡಾಡಿತು, ಅದು ಸರಿಯೇ. ಆದರೆ ಮೊದಲ ದೋಣಿ ಅಲ್ಲಿಗೆ ತಲುಪಿದ್ದು ಸುಮಾರು ನಾಲ್ಕು ನಿಮಿಷದಲ್ಲಿ, ಮತ್ತು ಅದು ಪೊಲೀಸ್ ದೋಣಿಯಲ್ಲ. ಆ ಹೊತ್ತಿಗೆ ನದಿಯ ಮೇಲೆ ಓಡಾಡುತ್ತಿದ್ದ ಪ್ರಯಾಣಿಕರ ಫೆರ್ರಿ. ನ್ಯೂಯಾರ್ಕ್ ಪೊಲೀಸರ ಮುಳುಗು ತಜ್ಞರು ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿ ನೆರವಾದದ್ದು ಅದಾದ ಮೇಲೆ. ರಕ್ಷಕರು ಹತ್ತಿರದಲ್ಲೇ ಇದ್ದದ್ದು ಜನ ಉಳಿಯಲು ಒಂದು ಕಾರಣ ಎಂದು ತನಿಖಾ ವರದಿಯೂ ಹೇಳಿದೆ. ಪೊಲೀಸರ ಪರ ಮಾತಾಡುತ್ತಿರುವ ನಾನು ಫೆರ್ರಿಯ ಉದಾಹರಣೆಯನ್ನೇ ಕೊಡುತ್ತಿರುವುದಕ್ಕೆ ಕಾರಣವಿದೆ: ಫೆರ್ರಿ ತನ್ನ ವೇಳಾಪಟ್ಟಿಯಂತೆ ಓಡುತ್ತದೆ, ನಡುರಾತ್ರಿಯಲ್ಲಿ, ಬಿರುಗಾಳಿಯಲ್ಲಿ, ಪ್ರಯಾಣಿಕರಿಲ್ಲದ ಕಡೆಗಳಲ್ಲಿ ಅದು ಇರುವುದಿಲ್ಲ. ಅಲ್ಲಿ ಇರಬೇಕಾದದ್ದು ಗಸ್ತು ದೋಣಿ.

ತಲುಪಿದ ಮೇಲೂ ಕೆಲಸ ಸುಲಭವಲ್ಲ. ನೀರಿನಲ್ಲಿರುವವರ ಸಮೀಪಕ್ಕೆ ಬಂದಾಗ ಪ್ರೊಪೆಲರ್ ತಿರುಗುವುದನ್ನು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಕಾಪಾಡಲು ಬಂದ ದೋಣಿಯೇ ಅವರನ್ನು ಸೀಳಿಬಿಡುತ್ತದೆ. ಎಂಜಿನ್ನಿನ ಬಲವಿಲ್ಲದ ಆ ಕ್ಷಣಗಳಲ್ಲಿ ಗಾಳಿ ಮತ್ತು ಸೆಳೆತ ದೋಣಿಯನ್ನು ಎತ್ತ ತಳ್ಳುತ್ತವೆ ಎಂಬುದನ್ನು ಚುಕ್ಕಾಣಿ ಹಿಡಿದವರು ಮೊದಲೇ ಅಂದಾಜು ಮಾಡಿರಬೇಕು. ನೆನೆದ ಬಟ್ಟೆಯ ಭಾರದೊಂದಿಗೆ ಒಂದು ಸೋತ ದೇಹವನ್ನು ಮೇಲೆತ್ತುವುದು ಇಬ್ಬರಿಗೂ ಕಷ್ಟ. ಬಹಳ ಹೊತ್ತು ತಣ್ಣೀರಿನಲ್ಲಿದ್ದವರನ್ನು ನೆಟ್ಟಗೆ ಎಳೆದುಕೊಂಡರೆ ರಕ್ತದೊತ್ತಡ ಕುಸಿದು, ಅಷ್ಟು ಹೊತ್ತು ಬದುಕಿದ್ದವರು ದೋಣಿಯಲ್ಲೇ ಸಾಯಬಹುದು. ಆದ್ದರಿಂದ ಸಾಧ್ಯವಾದರೆ ಬಲೆಯಂಥ ಸಾಧನದಲ್ಲಿ ಮಲಗಿದ ಭಂಗಿಯಲ್ಲೇ ಉರುಳಿಸಿಕೊಳ್ಳುತ್ತಾರೆ. ಮತ್ತೆ ಮತ್ತೆ ಅಭ್ಯಾಸ ಮಾಡದೆ ಇದು ಯಾರಿಗೂ ಒಲಿಯದು.

ಎಲ್ಲರೂ ಬದುಕಿ ಸಿಗುವುದಿಲ್ಲ. ಬಂದರು ಪೊಲೀಸರ ಮುಳುಗು ತಜ್ಞರ ಕೆಲಸವನ್ನು ಮಾತಿನಲ್ಲಿ ಹೇಳುವುದೇ ಕಷ್ಟ. ಪ್ರವಾಸಿಗಳು ಚಿತ್ರದಲ್ಲಿ ನೋಡುವ ತಿಳಿನೀಲಿ ಸಮುದ್ರ ಅವರಿಗೆ ಸಿಗುವುದು ಅಪರೂಪ. ಬಂದರಿನ ತಳದಲ್ಲಿ ಕೆಸರು, ತುಕ್ಕು ಹಿಡಿದ ತಂತಿ, ಮುರಿದ ಕಂಬ, ಎಸೆದ ಬಲೆಗಳಿರುತ್ತವೆ. ಕೈ ಮುಂದೆ ಚಾಚಿದರೆ ಕೈಯೇ ಕಾಣದಷ್ಟು ಕತ್ತಲೆ. ತಳಕ್ಕೆ ಕಟ್ಟಿದ ಹಗ್ಗದ ಗುಂಟ ಒಂದೊಂದು ಅಂಗುಲವನ್ನೂ ತಡವುತ್ತಾ ಹೋಗುತ್ತಾರೆ, ಹಗ್ಗವನ್ನು ಸ್ವಲ್ಪ ಸರಿಸಿ ಮತ್ತೆ ತಿರುಗಿ ಬರುತ್ತಾರೆ. ಮೇಲೆ ದೋಣಿಯಲ್ಲಿ ಸಹೋದ್ಯೋಗಿಯೊಬ್ಬರು ಅವರ ಸೊಂಟದ ಹಗ್ಗ ಹಿಡಿದು, ಅದರ ಎಳೆತದಿಂದಲೇ ಕೆಳಗಿನ ಸ್ಥಿತಿಯನ್ನು ಅರಿಯುತ್ತಿರುತ್ತಾರೆ. ಶಬ್ದದ ಅಲೆಗಳಿಂದ ತಳವನ್ನು ತೋರಿಸುವ ಸೋನಾರ್ ಸಾಧನ ಬಂದಿರುವುದರಿಂದ ಹುಡುಕುವ ಜಾಗ ಕಿರಿದಾಗಿದೆ, ಆದರೆ ಕೊನೆಗೆ ಮುಟ್ಟಿ ಗುರುತಿಸಬೇಕಾದದ್ದು ಕೈಯೇ. ಚಳಿಗಾಲದಲ್ಲಿ ಮುಳುಗಿದ ದೇಹ ನೀರು ಬೆಚ್ಚಗಾಗುವವರೆಗೂ ತಳದಲ್ಲೇ ಉಳಿದು, ತಿಂಗಳುಗಳ ಮೇಲೆ ತೇಲುವುದುಂಟು. ಅಲ್ಲಿಯವರೆಗೆ ಆ ಮನೆಯವರು ಅಂತ್ಯಕ್ರಿಯೆಯನ್ನೂ ಮಾಡಲಾಗದೆ, ಆಸೆಯನ್ನೂ ಬಿಡಲಾಗದೆ ಕಾಯುತ್ತಾರೆ. ಆ ಕಾಯುವಿಕೆಯನ್ನು ಒಂದು ದಿನವಾದರೂ ಕಡಿಮೆ ಮಾಡುವ ಕೆಲಸಕ್ಕೆ ಬಂಧನಗಳ ಪಟ್ಟಿಯಲ್ಲಿ ಅಂಕಣವೇ ಇಲ್ಲ.

ರಕ್ಷಣೆ ಪೊಲೀಸರ ಕೆಲಸವಲ್ಲ, ಅದಕ್ಕೆ ಬೇರೆ ಸಂಸ್ಥೆ ಇರಲಿ ಎಂಬ ವಾದವಿದೆ, ಮತ್ತು ಅದು ಗಟ್ಟಿಯಾದ ವಾದ. 1989ರ ಆಗಸ್ಟ್ 20ರ ನಸುಕಿನಲ್ಲಿ ಥೇಮ್ಸ್‌ನಲ್ಲಿ ಮಾರ್ಷನೆಸ್ ಎಂಬ ವಿಹಾರ ದೋಣಿಗೆ ಹೂಳೆತ್ತುವ ಹಡಗು ಡಿಕ್ಕಿ ಹೊಡೆದು 51 ಜನ ಸತ್ತರು. ಪೊಲೀಸ್ ದೋಣಿಗಳು ಹಲವರನ್ನು ಎತ್ತಿಕೊಂಡವು, ಆದರೆ ಆ ನದಿಗೆ ಮೀಸಲಾದ ರಕ್ಷಣಾ ದೋಣಿ ಆಗ ಇರಲಿಲ್ಲ. ಮುಂದೆ ವಿಚಾರಣೆಯಾಗಿ, 2002ರಲ್ಲಿ ನೀರಿನಲ್ಲಿ ಸಿಲುಕಿದವರನ್ನು ಕಾಪಾಡುವ ಬ್ರಿಟನ್ನಿನ ದತ್ತಿ ಸಂಸ್ಥೆಯಾದ ಆರ್‌ಎನ್‌ಎಲ್‌ಐನ ರಕ್ಷಣಾ ಠಾಣೆಗಳು ಥೇಮ್ಸ್‌ನಲ್ಲಿ ಆರಂಭವಾದವು. ಇದನ್ನು ನಾನು ಪೂರ್ಣವಾಗಿ ಸ್ವಾಗತಿಸುತ್ತೇನೆ. ಆದರೆ ಕುಡಿದು ದೋಣಿ ಓಡಿಸುವವರನ್ನು ತಡೆಯುವ, ಜನ ಕಿಕ್ಕಿರಿದ ದೋಣಿಯನ್ನು ಕಟ್ಟೆಗೆ ವಾಪಸ್ ಕಳಿಸುವ, ಅಪಘಾತದ ಸಾಕ್ಷ್ಯವನ್ನು ನ್ಯಾಯಾಲಯಕ್ಕೆ ಒಪ್ಪುವಂತೆ ಸಂಗ್ರಹಿಸುವ ಅಧಿಕಾರ ರಕ್ಷಣಾ ಸ್ವಯಂಸೇವಕರಿಗಿಲ್ಲ. ಅನಾಹುತಕ್ಕೆ ಮುಂಚಿನ ಅರ್ಧ ಗಂಟೆ ಕಾನೂನಿನ ಕೈಯಲ್ಲಿರುತ್ತದೆ, ನಂತರದ ಹತ್ತು ನಿಮಿಷ ರಕ್ಷಕರ ಕೈಯಲ್ಲಿ. ಲಂಡನ್ ಎರಡನ್ನೂ ಉಳಿಸಿಕೊಂಡಿದೆ. ಪೊಲೀಸರ ನದಿ ಘಟಕ ಇವತ್ತಿಗೂ ವ್ಯಾಪಿಂಗ್‌ನಲ್ಲೇ ಇದೆ.

ನೀರಿನ ಮೇಲೆ ಹೆಚ್ಚು ಹೊತ್ತು ಇರುವುದರಿಂದ ಆಗುವ ಇನ್ನೊಂದು ಲಾಭ ಪರಿಚಯ. 2008ರ ನವೆಂಬರ್ 26ರಂದು ಮುಂಬೈಗೆ ಸಮುದ್ರದ ಮೂಲಕ ಬಂದ ಹತ್ತು ಮಂದಿ ದಾಳಿಕೋರರು ರಬ್ಬರ್ ದೋಣಿಯಿಂದ ಇಳಿದಾಗ ಅವರನ್ನು ಮೊದಲು ಗಮನಿಸಿ ಪ್ರಶ್ನಿಸಿದವರು ಮೀನುಗಾರರು. ಯಾವ ದೋಣಿ ಯಾರದು, ಈ ಹೊತ್ತಿನಲ್ಲಿ ಯಾರು ಇಲ್ಲಿರಬಾರದು ಎಂಬುದು ಅವರಿಗೆ ತಿಳಿದಿರುತ್ತದೆ. ಆ ಅರಿವು ಪೊಲೀಸರ ಕಿವಿಗೆ ಕೂಡಲೇ ತಲುಪಬೇಕಾದರೆ ಮೀನುಗಾರರಿಗೆ ಗಸ್ತಿನವರ ಮುಖ ಗೊತ್ತಿರಬೇಕು, ದಿನಾಲೂ ಎದುರಾಗುವ ದೋಣಿಯವರೊಂದಿಗೆ ಮಾತಿನ ಸಲುಗೆ ಇರಬೇಕು. ದುರಂತವಾದ ಮೇಲೆ ವೇಗದ ದೋಣಿಗಳನ್ನು ಕೊಂಡು ತಂದು ಡೀಸೆಲ್ ಇಲ್ಲ, ಚಾಲಕರಿಲ್ಲ ಎಂದು ಕಟ್ಟೆಗೆ ಕಟ್ಟಿಹಾಕಿದರೆ ಆ ಸಲುಗೆ ಹುಟ್ಟುವುದಿಲ್ಲ.

ಆದ್ದರಿಂದ ಬಂದರು ಗಸ್ತು ಘಟಕವಿರುವ ಪ್ರತಿ ನಗರವೂ ವರ್ಷಕ್ಕೊಮ್ಮೆ ನಾಲ್ಕು ಅಂಕಿಗಳನ್ನು ಸಾರ್ವಜನಿಕರ ಮುಂದಿಡಬೇಕು ಎಂಬುದು ನನ್ನ ಒತ್ತಾಯ: ದೋಣಿಗಳು ನೀರಿನ ಮೇಲಿದ್ದ ಒಟ್ಟು ಗಂಟೆಗಳು, ಅದರಲ್ಲಿ ರಾತ್ರಿಯ ಪಾಲು, ಕರೆ ಬಂದ ಕ್ಷಣದಿಂದ ಸ್ಥಳ ತಲುಪಲು ಹಿಡಿದ ಸಮಯ, ಮುಳುಗು ತಜ್ಞರಿಗೆ ಸಿಕ್ಕ ತರಬೇತಿಯ ಗಂಟೆಗಳು. ಬಂಧನಗಳ ಸಂಖ್ಯೆಯನ್ನೂ ಕೊಡಲಿ, ಅದು ಐದನೆಯದಾಗಿರಲಿ. ಆಯವ್ಯಯದಲ್ಲಿ ಕಡಿತ ಮಾಡಲೇಬೇಕಾಗಿ ಬಂದರೆ, ಆ ಕಡಿತದಿಂದ ರಾತ್ರಿಯ ಗಸ್ತು ಎಷ್ಟು ಗಂಟೆ ಕಡಿಮೆಯಾಗುತ್ತದೆ, ತಲುಪುವ ಸಮಯ ಎಷ್ಟು ನಿಮಿಷ ಹೆಚ್ಚುತ್ತದೆ ಎಂಬುದನ್ನು ಆ ಪ್ರಸ್ತಾವದಲ್ಲೇ ಬರೆದು, ಸಹಿ ಹಾಕಿ, ಸಭೆಯ ಮುಂದೆ ಓದಲಿ.