ಕೈ ಎತ್ತಲು ಬಿಡದ ಅಂಗಿ

ಕೇಳುಗರಿಗೆ ನಮಸ್ಕಾರ.

ಇಂದಿನ ಕೇರಳದ ದಕ್ಷಿಣಕ್ಕಿದ್ದ ತಿರುವಾಂಕೂರು ಸಂಸ್ಥಾನದಲ್ಲಿ, ಕೆಳಜಾತಿ ಎನಿಸಿಕೊಂಡಿದ್ದ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದರು. 1859ರಲ್ಲಿ ರಾಜಾಜ್ಞೆ ಹೊರಟಿತು: ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿಯ ಹೆಂಗಸರ ಹಾಗೆ ಉಡುವಂತಿಲ್ಲ. ಆಳುವವರು ಬಟ್ಟೆಯನ್ನೇನೋ ಬಿಟ್ಟುಕೊಟ್ಟರು, ಉಡುವ ರೀತಿಯನ್ನು ತಮ್ಮ ಹಿಡಿತದಲ್ಲೇ ಇಟ್ಟುಕೊಂಡರು.

ಮೈಸೂರಿನಲ್ಲಿ, ಮಂಡ್ಯದಲ್ಲಿ ವಿಡಿಯೊ ಕಲೆ ಕಲಿಯುವ ಮಕ್ಕಳು ಇಂಥ ವಿಷಯ ಎತ್ತಿಕೊಂಡಾಗ ಒಂದು ಎಚ್ಚರ ಬೇಕು. ಹರಕು ಬಟ್ಟೆ ತೊಡಿಸಿ, ಮುಖಕ್ಕೆ ಮಸಿ ಬಳಿದು, ಮೇಲಿನಿಂದ ಕ್ಯಾಮೆರಾ ಹಿಡಿದರೆ ತುಳಿದವನ ಕಣ್ಣಿಂದಲೇ ನೋಡಿದ ಹಾಗಾಯಿತು. ದಬ್ಬಾಳಿಕೆ ಅಂಗಿಯ ಹೊಲಿಗೆಯಲ್ಲಿರಲಿ, ಮನುಷ್ಯನ ಮುಖ ಮುಖವಾಗಿಯೇ ಉಳಿಯಲಿ.

ಅಂಥ ಒಂದು ಅಂಗಿ ಹೊಲಿದು, ಅದನ್ನೇ ವಿಡಿಯೊ ಮಾಡೋಣ. ಮಂಡಿಯಲ್ಲಿ ಸಿಗುವ ಹಳೆಯ ಗೋಣಿಚೀಲ ಎರಡು ತನ್ನಿ. ಹೊಲಿಗೆ ಬಿಚ್ಚಿ, ಒಗೆದು, ಒಣಗಿಸಿದ ಮೇಲೆಯೇ ಕತ್ತರಿ ಹಾಕಿ. ಗೋಣಿ ನೀರು ಕಂಡರೆ ಕುಗ್ಗುತ್ತದೆ, ಹೊಲಿದ ಮೇಲೆ ಒಗೆದರೆ ಅಳತೆ ಕೆಡುತ್ತದೆ. ಕಂಕುಳನ್ನು ಮಾಮೂಲಿಗಿಂತ ಮೂರು ಇಂಚು ಕೆಳಗಿಳಿಸಿ, ತೋಳನ್ನು ಬಿಗಿಯಾಗಿ ಕೂರಿಸಿ. ಟೈಲರ್ ಒಪ್ಪುವುದಿಲ್ಲ, ತಪ್ಪು ಅಳತೆ ಅನ್ನುತ್ತಾರೆ. ನಮಗೆ ಬೇಕಾದದ್ದು ಆ ತಪ್ಪೇ. ಕೈ ಇಳಿಬಿಟ್ಟು ನಿಂತರೆ ಅಂಗಿ ಲಕ್ಷಣವಾಗಿ ಕಾಣುತ್ತದೆ. ಕೈ ಎತ್ತಿದಿರೋ, ಇಡೀ ಅಂಗಿ ಸೊಂಟದಿಂದ ಮೇಲೆದ್ದು ಕತ್ತನ್ನೇ ನುಂಗುತ್ತದೆ. ಒಳಗೆ ಹಳೆ ಪಂಚೆಯ ಲೈನಿಂಗ್ ಕೊಡಿಸಿ. ತೊಟ್ಟವರಿಗೆ ನಿಜವಾಗಿ ಮೈ ಕೆರೆಯಬಾರದು, ಅದರಲ್ಲಿ ಕಲೆಯಿಲ್ಲ.

ಇನ್ನು ಚಿತ್ರೀಕರಣ. ಎತ್ತರದ ಗೂಡಿನಲ್ಲಿ ಒಂದು ಚೊಂಬು ನೀರು, ಅದಕ್ಕೆ ಕೈ ಚಾಚುವ ಒಬ್ಬರು, ಅಷ್ಟೇ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿ ಸ್ಟ್ಯಾಂಡಿನ ಮೇಲಿರಲಿ. ನಾಲ್ಕು ನಿಮಿಷದ ಒಂದೇ ಶಾಟ್. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಡಿ. ಮೊಬೈಲು ಸಾಮಾನ್ಯವಾಗಿ 30 ಫ್ರೇಮಿನಲ್ಲಿರುತ್ತದೆ. ಹಾಗೆಯೇ ಬಿಟ್ಟರೆ ಟ್ಯೂಬ್‌ಲೈಟಿನ ಬೆಳಕು ಪಟ್ಟೆಪಟ್ಟೆಯಾಗಿ ತೇಲಬಹುದು. ಮೈಕನ್ನು ಕೊರಳಪಟ್ಟಿಗೇ ಸಿಕ್ಕಿಸಿ, ಗೋಣಿ ಉಜ್ಜುವ ಸದ್ದು ಕೇಳಲಿ. ಹಿನ್ನೆಲೆ ಸಂಗೀತ ದಯವಿಟ್ಟು ಬೇಡ, ಅದು ನೋಡುವವರ ಪರವಾಗಿ ತಾನೇ ಅತ್ತುಬಿಡುತ್ತದೆ.

ಕೈ ಇಳಿದು ನಿಂತ ಫ್ರೇಮಿನಲ್ಲಿ ಕತ್ತರಿಸಿದರೆ ಕೊನೆ ಮೊದಲಿಗೆ ಕೂಡಿಕೊಂಡು ವಿಡಿಯೊ ಬಿಡುವಿಲ್ಲದೆ ತಿರುಗುತ್ತದೆ. ಅದನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಆಳೆತ್ತರಕ್ಕೆ ಬಿಡಿ, ಚಿತ್ರದಲ್ಲಿರುವವರ ಪಾದ ನೆಲಕ್ಕೆ ತಾಗಿರಲಿ. ಪಕ್ಕದ ಗೂಟಕ್ಕೆ ಅಂಥವೇ ಮೂರು ಅಳತೆಯ ಅಂಗಿ ನೇತುಹಾಕಿ, ಅಷ್ಟೇ ಎತ್ತರದಲ್ಲಿ ಇನ್ನೊಂದು ಚೊಂಬು ಇಡಿ. ನೋಡಲು ಬಂದವರು ತೊಟ್ಟು, ಕೈ ಚಾಚಲಿ.