ದಣಪೆ ತೆಗೆದಿಟ್ಟ ಫೋಲ್ಡರು

ಕೇಳುಗರಿಗೆ ನಮಸ್ಕಾರ. ಮಲೆನಾಡಿನ ತೋಟದ ದಾರಿಯಲ್ಲಿ ಓಡಾಡಿದವರಿಗೆ ದಣಪೆ, ಅಂದರೆ ಬೇಲಿಗೆ ಅಡ್ಡ ಗಳ ಹಾಕಿ ಮಾಡಿದ ಬಾಗಿಲು, ಗೊತ್ತು. ಗಳ ಸರಿಸಿ ಒಳಗೆ ಹೋದವರು ಬರುವಾಗ ಹಾಕದೇ ಬಂದರೆ, ಸಂಜೆಯೊಳಗೆ ಯಾರದೋ ದನ ಅಡಿಕೆ ಸಸಿಗೆ ಬಾಯಿ ಹಾಕಿರುತ್ತೆ. ಎರಡು ಮಳೆಗಾಲದ ಹಿಂದೆ ನಾನೂ ಒಂದು ದಣಪೆ ತೆಗೆದಿಟ್ಟು ಬಂದೆ. ತೋಟದ್ದಲ್ಲ, ಸರ್ವರಿನದ್ದು, ಅಂದರೆ ವೆಬ್‌ಸೈಟ್ ಇಟ್ಟಿರೋ ಕಂಪ್ಯೂಟರಿನದ್ದು.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಈ ಅಡಿಕೆ ಬಗೆಗಳ ದಿನದ ಧಾರಣೆ ಹಾಕೋದು, ಮಾಲಿನ ಫೋಟೋ ಏರಿಸೋದು, ಇಷ್ಟೇ ಕೆಲಸ. ನನ್ನ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡಿತ್ತು. ಸರ್ವರಿಗೆ ಹಾಕಿದ ಮೇಲೆ ಒಂದು ಫೋಟೋನೂ ಹತ್ತಲಿಲ್ಲ. ‘ಪರ್ಮಿಷನ್ ಡಿನೈಡ್’, ಅಂದರೆ ನಿನಗೆ ಹಕ್ಕಿಲ್ಲ. ಮಂಡಿಯ ಗುಮಾಸ್ತರ ಫೋನು: “ಏನ್ ಮಾರಾಯ್ರೇ, ಮಧ್ಯಾಹ್ನ ಟೆಂಡರ್ ಉಂಟಲ್ಲ!” ಹೊರಗೆ ಜಡಿಮಳೆ, ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತೋ ಅನ್ನೋ ದಿಗಿಲು. ಯಾರಿಗೆ ಏನು ಹಕ್ಕು ಅಂತ ಬದಲಿಸೋ ಆಜ್ಞೆ ಚ್‌ಮಾಡ್. ಫೋಟೋ ಫೋಲ್ಡರಿಗೆ ಚ್‌ಮಾಡ್ 777 ಅಂತ ಹೊಡೆದೆ. ಏಳುನೂರ ಎಪ್ಪತ್ತೇಳು ಅಲ್ಲ, ಏಳು, ಏಳು, ಏಳು. ಫೋಟೋ ಹತ್ತಿತು. ನಾನು ಊಟಕ್ಕೆ ಎದ್ದೆ.

ಈ ಮೂರು ಅಂಕಿಗಳಲ್ಲಿ ಮೊದಲನೆಯದು ಮಾಲೀಕನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಓದೋದಕ್ಕೆ 4, ಬರೆಯೋದಕ್ಕೆ 2, ನಡೆಸೋದಕ್ಕೆ 1. ಕೂಡಿದರೆ 7. ಫೋಲ್ಡರಿನ ಮಟ್ಟಿಗೆ ಆ 1 ಅಂದರೆ ಒಳಗೆ ಕಾಲಿಡೋ ಹಕ್ಕು. ಇನ್ನು ಫೋಲ್ಡರಿಗೆ ಬರೆಯೋ ಹಕ್ಕು ಇದ್ದವನು ಹೊಸ ಕಡತ ಇಡೋದಷ್ಟೇ ಅಲ್ಲ, ಬೇರೆಯವರು ಇಟ್ಟಿದ್ದನ್ನೂ ಅಳಿಸಬಹುದು. ಇದು ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ, ಹೇಳೋಕೆ ನಾಚಿಕೆ.

ಆ ಯಂತ್ರದಲ್ಲೇ ಬೇರೊಂದು ಖಾತೆಯಲ್ಲಿ, ಯಾರೂ ನೋಡಿಕೊಳ್ಳದ ಹಳೇ ಸೈಟೊಂದಿತ್ತು. ಕೆಲವು ವಾರ ಕಳೆದ ಮೇಲೆ ನೋಡ್ತೀನಿ, ಅಡಿಕೆ ಫೋಟೋಗಳ ನಡುವೆ ಒಂದು ಪಿಎಚ್‌ಪಿ ಕಡತ, ಅಂದರೆ ಸರ್ವರಿನಲ್ಲಿ ಓಡೋ ಪ್ರೋಗ್ರಾಮು. ಮಾಲೀಕನ ಜಾಗದಲ್ಲಿ ನನ್ನ ಹೆಸರೂ ಇಲ್ಲ, ವೆಬ್ ಸರ್ವರಿನ ಹೆಸರೂ ಇಲ್ಲ. ಆ ಹಳೇ ಸೈಟಿನ ಖಾತೆಯ ಹೆಸರು. ಅಲ್ಲಿಗೆ ನುಗ್ಗಿದವನು ಬೇಲಿ ದಾಟಬೇಕಾಗೇ ಇರಲಿಲ್ಲ.

ಮೊದಲ ದಿನವೇ ಕೇಳಬೇಕಿದ್ದದ್ದು ಒಂದೇ ಪ್ರಶ್ನೆ: ಫೋಟೋ ಬರೆಯೋರು ಯಾರು? ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮ್ ನನ್ನ ಹೆಸರಲ್ಲೇ ಓಡ್ತಿತ್ತು, ಅದಕ್ಕೇ ತಕರಾರಿರಲಿಲ್ಲ. ಉಬುಂಟು ಸರ್ವರಿನಲ್ಲಿ ಅಪಾಚೆ ಅನ್ನೋ ವೆಬ್ ಸರ್ವರ್ ಪ್ರೋಗ್ರಾಮು ಓಡೋದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅನ್ನೋ ಬಳಕೆದಾರನ ಹೆಸರಲ್ಲಿ. ಫೋಲ್ಡರು ನನ್ನದು, ಹಕ್ಕು 755. ಅವನು ‘ಉಳಿದವರ’ ಸಾಲಿನಲ್ಲಿ ನಿಂತು, ನೋಡಿಕೊಂಡು ವಾಪಸು ಹೋಗ್ತಿದ್ದ.

ಸೈಟನ್ನು ಹೊಸದಾಗಿ ಕೂರಿಸಿದೆ. ಕೋಡಿನ ಕಡತಕ್ಕೆ 644, ಫೋಲ್ಡರಿಗೆ 755. ಸರ್ವರು ಅದನ್ನು ಓದಿದರೆ ಸಾಕು. ಬರೆಯೋ ಅಗತ್ಯ ಇರೋದು ಫೋಟೋ, ಕ್ಯಾಶ್ ಅನ್ನೋ ತಾತ್ಕಾಲಿಕ ಪ್ರತಿಗಳು, ಲಾಗ್ ಅನ್ನೋ ದಾಖಲೆ ಈ ಮೂರು ಫೋಲ್ಡರಿಗೆ ಮಾತ್ರ. ಅವುಗಳ ಗುಂಪನ್ನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಮಾಡಿ 2770 ಕೊಟ್ಟೆ. ಕೊನೆಯ ಸೊನ್ನೆ ಹೊರಗಿನವರಿಗೆ. ಆ ಮೂರು ಅಂಕಿಗಳಿಗಿಂತ ಮೊದಲು ಒಂದು 2 ಇದೆಯಲ್ಲ, ಅದರಿಂದ ಒಳಗೆ ಹುಟ್ಟೋ ಪ್ರತಿ ಕಡತವೂ ಫೋಲ್ಡರಿನ ಗುಂಪಿಗೇ ಸೇರುತ್ತೆ. ನಾನು ಕೈಯಾರೆ ಇಟ್ಟ ಫೋಟೋವನ್ನೂ ಸರ್ವರು ಓದುತ್ತೆ. ಫೋಟೋ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದ ಹಾಗೂ ಮಾಡಿದೆ. ಈ ಹಕ್ಕುಗಳನ್ನು ಫೋಲ್ಡರಿಗೂ ಅದರೊಳಗಿನ ಕಡತಗಳಿಗೂ ಒಂದೇ ಏಟಿಗೆ ಹಚ್ಚಬೇಡಿ. ಫೋಟೋಗಳಿಗೂ ‘ನಡೆಸೋ’ ಹಕ್ಕು ಅಂಟಿಕೊಳ್ಳುತ್ತೆ.

ಎಲ್ಲ ಮುಗಿಸಿ ಗುಮಾಸ್ತರಿಗೆ ಫೋನ್ ಮಾಡಿ, ಒಂದು ಫೋಟೋ ಹಾಕಿ ನೋಡಿ ಅಂದೆ. ಹಾಕಿದರು. ಗೊರಬಲಿನ ಮೂಟೆ, ಮೂಲೆಯಲ್ಲಿ ಅವರದೇ ಹೆಬ್ಬೆರಳು. “ಹತ್ತಿತು ಮಾರಾಯ್ರೇ. ಮೊದಲೂ ಹತ್ತುತ್ತಿತ್ತಲ್ಲ, ಅದಕ್ಕೆಂತ ಮಾಡಿದ್ರಿ?”