ಗುಳಿಗೆ ಬರೆಯುವ ಮುಂಚೆ ಬುತ್ತಿ ಯಾವಾಗ ಬಿಚ್ಚುತ್ತೀರಿ ಅಂತ ಕೇಳಿ

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಸಿಂಧನೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಬಿಪಿ, ಶುಗರ್ ಇರುವವರು ತಮ್ಮ ಚಿಕಿತ್ಸೆಯಲ್ಲಿ ತಾವೂ ಹೇಗೆ ಪಾಲು ತಗೊಳ್ಳಬೇಕು ಅಂತ ಮಾತಾಡಲು ಕರೆದಿದ್ದಾರೆ. ಆಶಾ ಅಕ್ಕಂದಿರು ಬಂದಿದ್ದಾರೆ, ಒಂದಿಬ್ಬರು ಡಾಕ್ಟರೂ ಕೂತಿದ್ದಾರೆ. ಮಧ್ಯೆ ಅವರಿಗೂ ನಾಲ್ಕು ಮಾತು ಬೀಳುತ್ತವೆ, ಬೇಜಾರು ಮಾಡ್ಕೋಬೇಡಿ ಸರ್.

ನನ್ನ ಅಂಗಡಿಗೆ ಬಂದವರು ಜಾಸ್ತಿ ಹೇಳುವ ಮಾತು ಇದು: "ಅಣ್ಣಾ, ಸಣ್ಣ ಬಿಳಿ ಗುಳಿಗಿ ಕೊಡ್ರಿ, ಮುಂಜಾನಿ ತಗೊಳ್ಳೋದು." ಅಂಗಡಿ ತುಂಬಾ ಸಣ್ಣ ಬಿಳಿ ಗುಳಿಗೆಗಳೇ ಇವೆ, ಯಾವುದು ಕೊಡಲಿ? ಚೀಟಿ ಎಲ್ಲಿ ಅಂದರೆ ಮನೆಯಲ್ಲಿದೆ. ಹೆಸರು ಗೊತ್ತಿಲ್ಲ. ಯಾತಕ್ಕೆ ಅಂದರೆ "ಡಾಕ್ಟ್ರು ಕೊಟ್ಟಾರ". ಹತ್ತು ವರ್ಷದಿಂದ ದಿನಾ ನುಂಗುವ ಮಾತ್ರೆಯ ಹೆಸರು ಗೊತ್ತಿಲ್ಲ ಅಂದರೆ ತಪ್ಪು ಅವರದ್ದೇ ಅಂತ ಬೈಯೋದು ಸುಲಭ. ಆದರೆ ಆ ಹತ್ತು ವರ್ಷದಲ್ಲಿ ಯಾರಾದರೂ ಕೂರಿಸಿಕೊಂಡು ಹೇಳಿದ್ದಾರಾ?

ಮಾನ್ವಿ ಕಡೆಯ ಒಬ್ಬ ಅಮ್ಮ, ಹತ್ತಿ ಬಿಡಿಸುವ ಕೂಲಿಗೆ ಹೋಗುವವರು. ಶುಗರ್‌ಗೆ ಗ್ಲಿಮೆಪಿರೈಡ್ ಬರೆದಿದ್ದರು, ಬೆಳಿಗ್ಗೆ ನಾಷ್ಟಾಕ್ಕೆ ಮುಂಚೆ ಒಂದು. ಅವರು ಹೇಳಿದ ಹಾಗೇ ನುಂಗುತ್ತಿದ್ದರು, ನಸುಕಿನಲ್ಲಿ ಎದ್ದು ಒಂದು ಕಪ್ ಚಹಾದ ಜೊತೆ. ಆಮೇಲೆ ಟಂಟಂ ಹತ್ತಿ ಹೊಲಕ್ಕೆ. ಬುತ್ತಿ ಬಿಚ್ಚುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಮೈಯೆಲ್ಲಾ ಬೆವರು, ಕೈ ನಡುಕ, ಕಣ್ಣು ಕತ್ತಲೆ. ಬಿಸಿಲಿಗೆ ಹಾಗಾಗುತ್ತೆ ಅಂತ ಜೊತೆಯವರು ನೀರು ಕುಡಿಸಿದರು. ಎರಡು ಸಲ ಹೀಗಾದ ಮೇಲೆ "ಈ ಗುಳಿಗಿ ನಂಗ ಆಗಿ ಬರಂಗಿಲ್ಲ" ಅಂತ ಬಿಟ್ಟೇ ಬಿಟ್ಟರು. ಅದು ಬಿಸಿಲಲ್ಲ. ಆ ಮಾತ್ರೆ ಸಕ್ಕರೆ ಇಳಿಸುತ್ತೆ, ಹೊಟ್ಟೆಗೆ ಏನೂ ಬೀಳದಿದ್ದರೆ ಇನ್ನೂ ಇಳಿಸುತ್ತೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಹೀಗೇ ಆಗೋದು. ಆಗ ಬೇಕಾಗಿದ್ದದ್ದು ಮೂರು ಚಮಚ ಸಕ್ಕರೆ, ಕಾಲು ಗಂಟೆ ಬಿಟ್ಟು ಕಮ್ಮಿಯಾಗದಿದ್ದರೆ ಮತ್ತೆ ಅಷ್ಟೇ, ಆಮೇಲೆ ಊಟ.

ನಾಷ್ಟಾ ಅನ್ನೋದು ಆಸ್ಪತ್ರೆಯಲ್ಲಿ ಕೂತವರಿಗೆ ಎಂಟು ಗಂಟೆ. ಹೊಲಕ್ಕೆ ಹೋಗುವವರಿಗೆ ಅದು ಹನ್ನೊಂದು. "ನೀವು ಎಷ್ಟೊತ್ತಿಗೆ ಉಣ್ತೀರಿ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಆ ಅಮ್ಮನಾದರೂ ಸುಮ್ನೆ ಬಿಡುವ ಬದಲು ಹೋಗಿ ಹೇಳಬೇಕಿತ್ತು, ಆದರೆ ದೊಡ್ಡವರ ಮುಂದೆ ಬಾಯಿ ಬಿಡೋದು ನಮ್ಮ ಕಡೆ ಅಷ್ಟು ಸುಲಭ ಅಲ್ಲ, ಅಲ್ವಾ? ನಾನು ಚೀಟಿಯ ಹಿಂದೆ ಅವರ ದಿನಚರಿ ಬರೆದು ವಾಪಸ್ ಕಳಿಸಿದೆ. ಡಾಕ್ಟರು ಓದಿ, ಬುತ್ತಿಗೆ ಮುಂಚೆ ಅಂತ ಬದಲಾಯಿಸಿದರು. ಅಷ್ಟೇ ಕೆಲಸ.

ಗುಳೆ ಹೋಗುವವರ ಕತೆ ಇದಕ್ಕಿಂತ ಕಷ್ಟ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ತಿಂಗಳಿಗೆ ಆಗುವಷ್ಟು ಮಾತ್ರೆ ಸಿಗುತ್ತೆ, ಬೆಂಗಳೂರಿನ ಕಟ್ಟಡದ ಕೆಲಸ ನಾಲ್ಕು ತಿಂಗಳು. ಬಿಪಿ ಮಾತ್ರೆ ನಿಂತರೆ ಮೈಗೆ ಏನೂ ಗೊತ್ತಾಗಲ್ಲ, ಅದೇ ಅಪಾಯ. ಗುಳೆ ಹೋಗ್ತೀನಿ ಅಂತ ಮುಂಚೆಯೇ ಹೇಳಿ, ಜಾಸ್ತಿ ದಿನಕ್ಕೆ ಕೇಳಿ. ಚೀಟಿಯನ್ನು ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿದರೆ ಯಾವ ಮಾತ್ರೆ, ಎಷ್ಟು ಪವರ್ ಅಂತ ಅವರಿಗೆ ತಿಳಿಯುತ್ತೆ.

ಇನ್ಸುಲಿನ್ ತಗೊಳ್ಳುವವರು ಕೈ ಎತ್ತಿ. ಪರವಾಗಿಲ್ಲ, ಎತ್ತಿ. ಮೇ ತಿಂಗಳಲ್ಲಿ ನಮ್ಮ ರಾಯಚೂರು 40 ಡಿಗ್ರಿ ದಾಟುತ್ತೆ, ತಗಡಿನ ಮನೆಯೊಳಗೆ ಕೇಳೋದೇ ಬೇಡ. ಬಳಸಲು ಶುರು ಮಾಡಿದ ಬಾಟಲಿ 25–30 ಡಿಗ್ರಿಯ ಒಳಗಿದ್ದರೆ ಸುಮಾರು ನಾಲ್ಕು ವಾರ ಬಾಳಿಕೆ, ಅದಕ್ಕಿಂತ ಬಿಸಿಯಾದರೆ ಔಷಧಿಯ ಶಕ್ತಿ ಹೋಗುತ್ತೆ. ಫ್ರಿಜ್ ಇಲ್ಲ, ಇದ್ದರೂ ಕರೆಂಟ್ ಇಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ರಾಜ್ಯಕ್ಕೆಲ್ಲಾ ಕರೆಂಟ್ ಕೊಡುವ ಜಿಲ್ಲೆ ನಮ್ಮದು, ಇರಲಿ ಬಿಡಿ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಾ ನೀರು ಹಾಕಿ. ಬಾಟಲಿಗೆ ನೀರು ತಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡಿ, ಮೇಲೆ ಒದ್ದೆ ಬಟ್ಟೆ. ಬಾಟಲಿ ಮೇಲೆ ಬಳಸಲು ಶುರು ಮಾಡಿದ ತಾರೀಖು ಬರೆಯಿರಿ. ಎಷ್ಟೋ ಸಲ ಶುಗರ್ ಇಳಿಯಲಿಲ್ಲ ಅಂತ ಡೋಸ್ ಏರಿಸುತ್ತಾರೆ, ಬಾಟಲಿ ಎಲ್ಲಿಟ್ಟಿದ್ದಿರಿ ಅಂತ ಕೇಳುವುದಿಲ್ಲ.

ಇನ್ನು ಊಟ. ಅನ್ನ ಬಿಡು, ಜೋಳದ ರೊಟ್ಟಿ ತಿನ್ನು ಅಂತ ಹೇಳಿ ಕಳಿಸ್ತಾರೆ. ರೇಷನ್ನಿನಲ್ಲಿ ಜಾಸ್ತಿ ಬರೋದು ಅಕ್ಕಿ, ಗಂಗಾವತಿ-ಸಿಂಧನೂರಿನಲ್ಲಿ ಬೆಳೆಯೋದೂ ಭತ್ತವೇ. ಇನ್ನು ಜೋಳದಿಂದ ಶುಗರ್ ಏರಲ್ಲ ಅಂತ ಯಾರು ಹೇಳಿದರೋ, ನಾಲ್ಕು ರೊಟ್ಟಿ ಹೊಡೆದರೆ ಅದೂ ಏರುತ್ತೆ. ನಿಮ್ಮ ಮೈಗೆ ಯಾವುದು ಎಷ್ಟು ಏರಿಸುತ್ತೆ ಅಂತ ನೀವೇ ನೋಡಬಹುದು. ಉಣ್ಣುವ ಮುಂಚೆ ಒಂದು ಸಲ, ಎರಡು ಗಂಟೆ ಆದ ಮೇಲೆ ಒಂದು ಸಲ ಗ್ಲುಕೋಮೀಟರ್ ಹಚ್ಚಿ. ಸ್ಟ್ರಿಪ್ ದುಬಾರಿ, ನನಗೂ ಗೊತ್ತು, ದಿನಾ ಬೇಡ. ಒಂದು ದಿನ ಅನ್ನ ಉಂಡು ನೋಡಿ, ಇನ್ನೊಂದು ದಿನ ಎರಡೇ ರೊಟ್ಟಿ, ಜಾಸ್ತಿ ಪಲ್ಯ. ಬರೆದಿಡಿ.

ಹೀಗೆ ತಾನೇ ಸಕ್ಕರೆ ನೋಡಿಕೊಳ್ಳಬಹುದು ಅಂತ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬ ರೋಗಿಯೂ ಇದ್ದಾನೆ. ಅಮೆರಿಕದ ರಿಚರ್ಡ್ ಬರ್ನ್‌ಸ್ಟೀನ್, ವೃತ್ತಿಯಲ್ಲಿ ಎಂಜಿನಿಯರ್, ಹನ್ನೆರಡನೇ ವಯಸ್ಸಿನಿಂದ ಶುಗರ್. 1969ರಲ್ಲಿ ರಕ್ತದ ಸಕ್ಕರೆ ನೋಡುವ ಮಿಷನ್ ಆಸ್ಪತ್ರೆಗಳಿಗೆ, ಡಾಕ್ಟರಿಗೆ ಮಾತ್ರ ಸಿಗುತ್ತಿತ್ತು. ಹೆಂಡತಿ ಡಾಕ್ಟರ್ ಆಗಿದ್ದರಿಂದ ಆಕೆಯ ಹೆಸರಿನಲ್ಲಿ ತರಿಸಿಕೊಂಡ. ದಿನಕ್ಕೆ ಹಲವು ಸಲ ನೋಡಿಕೊಂಡು ಊಟ, ಇನ್ಸುಲಿನ್ ಎರಡನ್ನೂ ಹೊಂದಿಸಿಕೊಂಡ. ಅದನ್ನು ಬರೆದು ಕಳಿಸಿದರೆ ವೈದ್ಯಕೀಯ ಪತ್ರಿಕೆಗಳು ಹಾಕಲಿಲ್ಲ. ಕೊನೆಗೆ ನಲವತ್ತೈದರ ಹೊತ್ತಿಗೆ ಮೆಡಿಕಲ್ ಕಾಲೇಜು ಸೇರಿ ತಾನೇ ಡಾಕ್ಟರಾದ. ನಮ್ಮ ಮಾತು ಕೇಳಿಸಿಕೊಳ್ಳಲಿ ಅಂತ ಎಲ್ಲರೂ ಎಂಬಿಬಿಎಸ್ ಮಾಡೋಕಾಗುತ್ತಾ ಹೇಳಿ!

ಹಾಗಂತ ಎಲ್ಲಾ ಹೊರೆ ರೋಗಿಯ ತಲೆಗೆ ಕಟ್ಟಿ "ನೀನೇ ಸರಿಯಾಗಿ ನೋಡಿಕೊಳ್ಳಲಿಲ್ಲ" ಅನ್ನುವುದು ಪಾಲು ಕೊಟ್ಟ ಹಾಗಲ್ಲ. ಮಾತ್ರೆ ಸ್ಟಾಕ್ ಇಲ್ಲದಿದ್ದರೆ, ದವಾಖಾನೆಗೆ ಬರಲು ಒಂದು ದಿನದ ಕೂಲಿ ಹೋಗುವ ಹಾಗಿದ್ದರೆ, ಅದು ರೋಗಿಯ ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಸೇರಿ ನಡೆಸಿದ ಸಮ್ಮೇಳನದ 1978ರ ಆಲ್ಮಾ-ಆಟಾ ಘೋಷಣೆಯಲ್ಲಿ ಜನರು ತಮ್ಮ ಆರೋಗ್ಯ ಸೇವೆಯ ಯೋಜನೆಯಲ್ಲಿ ಪಾಲ್ಗೊಳ್ಳುವುದು ಅವರ ಕರ್ತವ್ಯ ಅಂತಷ್ಟೇ ಇಲ್ಲ, ಹಕ್ಕು ಅಂತಲೂ ಇದೆ. ನಮ್ಮಲ್ಲಿ ಕರ್ತವ್ಯದ ಪಾಠ ಮಾತ್ರ ಜೋರು.

ಮಾತು ಸಾಕು. ಮನೆಯಲ್ಲಿರುವ ಮಾತ್ರೆ ಎಲ್ಲಾ ಚೀಲಕ್ಕೆ ಹಾಕಿಕೊಂಡು ಬನ್ನಿ ಅಂತ ಆಶಾ ಅಕ್ಕಂದಿರು ಹೇಳಿದ್ದರು. ಇಲ್ಲಿ ಟೇಬಲ್ ಮೇಲೆ ಸುರಿಯಿರಿ. ಸರ್ಕಾರಿ ದವಾಖಾನೆಯದ್ದು ಒಂದು ಹೆಸರು, ಪ್ರೈವೇಟಿನದ್ದು ಇನ್ನೊಂದು ಹೆಸರು, ಒಳಗೆ ಎರಡೂ ಅದೇ ಶುಗರ್ ಔಷಧಿ ಮೆಟ್‌ಫಾರ್ಮಿನ್, ಹೀಗೆ ಎರಡೆರಡು ನುಂಗುವವರು ಇಲ್ಲೂ ಇರಬಹುದು. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ ಹೇಳ್ತೀನಿ. ಕಿರಾಣಿ ಅಂಗಡಿಯಲ್ಲಿ ತಂದ ಸೊಂಟನೋವಿನ ಗುಳಿಗೆ ಇದ್ದರೆ ಅದನ್ನೂ ತೆಗೆಯಿರಿ, ಮುಚ್ಚಿಡಬೇಡಿ. ದಿನಾ ನುಂಗಿದರೆ ಬಿಪಿ ಏರಿಸೋದು, ಕಿಡ್ನಿ ಕೆಡಿಸೋದು ಅದೇ. ಡಾಕ್ಟರ್ ಸರ್, ನೀವೂ ಈ ಕಡೆ ಬನ್ನಿ, ಹಿಂದಿನ ಸಾಲಿನಿಂದ ಶುರು ಮಾಡೋಣ.